ಬೇರಿನ ಬಳಿ ಸುಣ್ಣ, ಕಾಯಿಯ ತುದಿಯಲ್ಲಿ ಬರ

ಚಿಂತಾಮಣಿಯ ಮಾರುಕಟ್ಟೆಗೆ ಹೊರಡುವ ಟೊಮೆಟೊಗೆ ಮೊದಲ ಪರೀಕ್ಷೆ ತೋಟದ ಬದುವಿನಲ್ಲೇ ನಡೆಯುತ್ತದೆ. ಬಾಕ್ಸ್ ತುಂಬುವವರು ಹಣ್ಣನ್ನು ಕೈಯಲ್ಲಿ ಹೊರಳಿಸಿ ತಳ ನೋಡುತ್ತಾರೆ. ತೊಟ್ಟಿನ ಕಡೆ ಯಾವ ಕುಂದೂ ಇಲ್ಲದ ಹಣ್ಣು, ಹೂವು ಉದುರಿದ ತುದಿಯಲ್ಲಿ ಮಾತ್ರ ಕಪ್ಪಗೆ ತಿರುಗಿ ಒಳಕ್ಕೆ ಕುಸಿದಿರುತ್ತದೆ. ಅಂಥದ್ದು ಬಾಕ್ಸಿಗೆ ಸೇರುವುದಿಲ್ಲ. ಇದಕ್ಕೆ ಹೂತುದಿ ಕೊಳೆ ಎನ್ನುತ್ತಾರೆ. ಹೆಸರಿನಲ್ಲಿ ಕೊಳೆ ಇರುವುದರಿಂದ ಶಿಲೀಂಧ್ರನಾಶಕ ಹೊಡೆಯುವವರಿದ್ದಾರೆ. ಅದು ದಂಡ, ಏಕೆಂದರೆ ಇದನ್ನು ತರುವ ರೋಗಾಣು ಯಾವುದೂ ಇಲ್ಲ. ಇನ್ನೊಂದು ಸಲಹೆ ಹೆಚ್ಚು ಓದಿದವರದು: ಇದು ಕ್ಯಾಲ್ಸಿಯಂ ಕೊರತೆ, ಹಾಗಾಗಿ ಮಣ್ಣಿಗೆ ಸುಣ್ಣ ಹಾಕಿ, ಎಲೆಗೆ ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿ. ಇದರ ಮೊದಲ ಅರ್ಧ ನಿಜ. ಎರಡನೆಯ ಅರ್ಧ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಒಳಗೊಂಡ ಈ ಸೀಮೆಯ ಬೋರ್‌ವೆಲ್ ತೋಟಗಳಲ್ಲಿ ಬಹುಪಾಲು ತಪ್ಪು. ಕೊರತೆ ಇರುವುದು ಕಾಯಿಯ ತುದಿಯಲ್ಲಿ, ಹೊಲದಲ್ಲಲ್ಲ. ನೆಲದಲ್ಲಿರುವ ಕ್ಯಾಲ್ಸಿಯಂ ಕಾಯಿಯ ತುದಿಯನ್ನು ಮುಟ್ಟುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಗಿಡದೊಳಗೆ ನೀರು ನಡೆಯುವ ರೀತಿ. ಈ ಅಧ್ಯಾಯದ ವಾದ ಅಷ್ಟೇ. ಆದರೆ ಅದನ್ನು ಒಪ್ಪಿಸಲು ಕೊಂಚ ರಸಾಯನವಿಜ್ಞಾನ, ಕೊಂಚ ಲೆಕ್ಕ ಬೇಕು.

ಕ್ಯಾಲ್ಸಿಯಂ ಕಾಯಿಯೊಳಗೆ ಮಾಡುವ ಕೆಲಸದಿಂದ ಶುರು ಮಾಡೋಣ. ಬೂದುಗುಂಬಳದ ಪೇಟಾ ಮಾಡುವವರು ಹೋಳುಗಳನ್ನು ಪಾಕಕ್ಕೆ ಹಾಕುವ ಮೊದಲು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತಾರೆ. ಹಾಗೆ ಮಾಡದಿದ್ದರೆ ಕುದಿಯುವಾಗ ಹೋಳು ಕರಗಿ ಮುದ್ದೆಯಾಗುತ್ತದೆ. ನೆನೆಹಾಕಿದರೆ ಎಷ್ಟು ಕುದಿಸಿದರೂ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಸಸ್ಯದ ಪ್ರತಿ ಜೀವಕೋಶವನ್ನೂ ಪಕ್ಕದ ಕೋಶಕ್ಕೆ ಅಂಟಿಸುವುದು ಪೆಕ್ಟಿನ್ ಎಂಬ ಉದ್ದನೆಯ ಸರಪಳಿಯ ಪದಾರ್ಥ. ಆ ಸರಪಳಿಯುದ್ದಕ್ಕೂ ಋಣ ವಿದ್ಯುದಂಶದ ತಾಣಗಳಿರುತ್ತವೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ಅಂಶ ಇರುವುದರಿಂದ ಅದು ಒಂದು ಸರಪಳಿಯನ್ನು ಒಂದು ಕಡೆ, ಇನ್ನೊಂದನ್ನು ಇನ್ನೊಂದು ಕಡೆ ಹಿಡಿದು ಎರಡನ್ನೂ ಬಿಗಿಯುತ್ತದೆ. ಪೇಟಾದ ಹೋಳಿನಲ್ಲಿ ಆಗುವುದೂ ಇದೇ, ಬೆಳೆಯುತ್ತಿರುವ ಟೊಮೆಟೊ ಕಾಯಿಯಲ್ಲಿ ಆಗುವುದೂ ಇದೇ. ಇದಲ್ಲದೆ ಕೋಶದ ಒಳಪೊರೆ ಸೋರದಂತೆ ಕಾಯುವುದೂ ಕ್ಯಾಲ್ಸಿಯಂ. ಕಾಯಿ ರಭಸದಿಂದ ಉಬ್ಬುವ ದಿನಗಳಲ್ಲಿ ಹೊಸ ಗೋಡೆ, ಹೊಸ ಪೊರೆಗೆ ಬೇಕಾದಷ್ಟು ಕ್ಯಾಲ್ಸಿಯಂ ಬಾರದಿದ್ದರೆ ಪೊರೆ ಸೋರುತ್ತದೆ, ಕೋಶದ ರಸ ಹೊರಬಂದು ತುದಿಯಲ್ಲಿ ನೀರು ಹತ್ತಿದಂಥ ಮಚ್ಚೆ ಕಾಣುತ್ತದೆ, ಆಮೇಲೆ ಅದು ಸತ್ತು ಕಪ್ಪಾಗುತ್ತದೆ. ಸತ್ತ ಜಾಗಕ್ಕೆ ಬೂಷ್ಟು ಬರುವುದು ಎಲ್ಲ ಮುಗಿದ ಮೇಲೆ.

ಇದಕ್ಕೆ ಪುರಾವೆ ಹಳೆಯದು. 1940ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಸಂಶೋಧಕರು ಟೊಮೆಟೊ ಗಿಡಗಳನ್ನು ಮಣ್ಣಿಲ್ಲದೆ, ಲೆಕ್ಕಹಾಕಿದ ಪೋಷಕ ದ್ರಾವಣಗಳಲ್ಲಿ ಬೆಳೆಸಿ ನೋಡಿದರು. 1944ರಲ್ಲಿ ರೇಲಿ ಮತ್ತು ಚುಕಾ ಪ್ರಕಟಿಸಿದ ಕೆಲಸ ಅವುಗಳಲ್ಲಿ ಹೆಸರಾದದ್ದು. ದ್ರಾವಣದಲ್ಲಿ ಕ್ಯಾಲ್ಸಿಯಂ ತಗ್ಗಿದಾಗ ತುದಿ ಕೊಳೆ ಹೆಚ್ಚಿತು ಎಂಬುದು ಒಂದು ಫಲಿತಾಂಶ. ಇನ್ನೊಂದು ಫಲಿತಾಂಶ ನಮ್ಮ ಕಡೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ಕ್ಯಾಲ್ಸಿಯಂನ ಪ್ರಮಾಣದಷ್ಟೇ ಅದರ ಜತೆಗಿರುವ ಬೇರೆ ಲವಣಗಳ ಪ್ರಮಾಣವೂ ಮುಖ್ಯ. ಪೊಟ್ಯಾಷ್, ಮೆಗ್ನೀಷಿಯಂ, ಅಮೋನಿಯಂ ಇವೆಲ್ಲ ಧನ ಅಯಾನುಗಳು. ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜತೆ ಪೈಪೋಟಿಗೆ ನಿಲ್ಲುತ್ತವೆ. ದ್ರಾವಣದ ಒಟ್ಟು ಉಪ್ಪು ಏರಿದಂತೆಯೂ ಕೊಳೆ ಏರುತ್ತದೆ. ಅಂದರೆ ಪಾತ್ರೆಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದೂ ಕಾಯಿ ಬರಗೆಡಬಹುದು ಎಂಬುದು ಪ್ರಯೋಗಶಾಲೆಯಲ್ಲೇ ಕಂಡ ಮಾತು.

ಈಗ ನಮ್ಮ ಸೀಮೆಯ ನೆಲಕ್ಕೆ ಬರೋಣ. ಇಲ್ಲಿನದು ಗ್ರಾನೈಟ್ ಮತ್ತು ನೈಸ್ ಬಂಡೆ ಸವೆದು ಆದ ಕೆಂಪು ಮಣ್ಣು. ನಂದಿಬೆಟ್ಟದ ಸಾಲಿನಲ್ಲಿ ಪಿನಾಕಿನಿಗಳೂ ಪಾಲಾರೂ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಮಳೆ ಸರಾಸರಿ 700 ಮಿ.ಮೀ. ಆಸುಪಾಸು. ಸಾವಿರಾರು ವರ್ಷಗಳ ಮಳೆ ಮೇಲ್ಮಣ್ಣಿನ ಕ್ಯಾಲ್ಸಿಯಂ ತೊಳೆದು ಕೆಳಕ್ಕೆ ಇಳಿಸಿದೆ. ಹೀಗಾಗಿ ಮಳೆಯನ್ನೇ ನಂಬಿ ರಾಗಿ, ನೆಲಗಡಲೆ, ಅವರೆ ಬೆಳೆಯುವ ಬೆದ್ದಲು ಹೊಲ ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ. ವರ್ಷವರ್ಷ ಯೂರಿಯಾ, ಡಿಎಪಿ ಮಾತ್ರ ಹಾಕಿ ತಿಪ್ಪೆಗೊಬ್ಬರ ಬಿಟ್ಟರೆ ಹುಳಿ ಇನ್ನೂ ಹೆಚ್ಚುತ್ತದೆ, ಏಕೆಂದರೆ ಅವುಗಳ ಅಮೋನಿಯಂ, ನೈಟ್ರೇಟ್ ರೂಪಕ್ಕೆ ತಿರುಗುವಾಗ ಆಮ್ಲ ಬಿಡುಗಡೆಯಾಗುತ್ತದೆ. ಅದೇ ಹೊಲದ ಪಕ್ಕದಲ್ಲಿ, ಸಾವಿರ ಅಡಿ ಮೀರಿದ ಬೋರಿನಿಂದ ಹನಿ ನೀರು ಹರಿಸುವ ತರಕಾರಿ ತೋಟ ಬೇರೆಯೇ ನೆಲ. ಮಳೆ ಕೆಳಕ್ಕೆ ಇಳಿಸಿದ್ದನ್ನೂ ಬಂಡೆಯ ಬಿರುಕಿನಲ್ಲಿ ಕರಗಿದ್ದನ್ನೂ ಪಂಪು ಮೇಲೆತ್ತಿ ಸುರಿಯುತ್ತಿದೆ. ಬೈಕಾರ್ಬನೇಟ್ ತುಂಬಿದ ಆ ಗಡುಸು ನೀರಿನಲ್ಲಿ ಹತ್ತು ಹದಿನೈದು ಬೆಳೆ ತೆಗೆದ ಮೇಲೆ ಮಣ್ಣಿನ ಪಿಎಚ್ ಏಳು ದಾಟಿ ಎಂಟರ ಕಡೆ ನಡೆಯುತ್ತದೆ. ಒಂದೇ ಸರ್ವೆ ನಂಬರಿನ ಎರಡು ತುಂಡುಗಳಿಗೆ ಎರಡು ಬೇರೆ ಚಿಕಿತ್ಸೆ ಬೇಕಾಗುವುದು ಹೀಗೆ. ಊರಿಗೆಲ್ಲ ಒಂದೇ ಶಿಫಾರಸು ಕೊಡುವವರನ್ನು ನಂಬಬಾರದು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ನೀರಿನಲ್ಲಿ ಕ್ಯಾಲ್ಸಿಯಂ ಇದೆ ಎಂಬುದನ್ನು ಕಣ್ಣಾರೆ ನೋಡಬಹುದು. ಬೇಸಿಗೆಯಲ್ಲಿ ಮಲ್ಚಿಂಗ್ ಶೀಟ್ ಎತ್ತಿದರೆ ಡ್ರಿಪ್ ಪೈಪಿನ ತೂತಿನ ಸುತ್ತ ಬಿಳಿಯ ಉಂಗುರ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆಯೇಳುತ್ತದೆ. ನೊರೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣದ ಕಲ್ಲೇ. ತೂತು ಕಟ್ಟಿಕೊಂಡಾಗ ಪೈಪಿಗೆ ಆಸಿಡ್ ಬಿಟ್ಟು ತೊಳೆಯುವುದೂ ಇದೇ ಕಾರಣಕ್ಕೆ. ಒಂದು ಲೆಕ್ಕ ಹಾಕೋಣ. ಒಂದು ಬೆಳೆಗೆ 400 ಮಿ.ಮೀ. ನೀರು ಕೊಟ್ಟರೆ ಎಕರೆಗೆ ಸುಮಾರು 16 ಲಕ್ಷ ಲೀಟರ್ ಆಗುತ್ತದೆ. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ (ಗಡುಸು ನೀರಿಗೆ ಇದೇನೂ ಹೆಚ್ಚಲ್ಲ) ಆ ನೀರಿನ ಜತೆ 80 ಕೆ.ಜಿ. ಕ್ಯಾಲ್ಸಿಯಂ ತೋಟಕ್ಕೆ ಬಂತು. ಹಣ್ಣಿನಲ್ಲಿ ಹೊರಹೋಗುವುದೆಷ್ಟು? ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 10 ಮಿಲಿಗ್ರಾಂ. ಎಕರೆಗೆ 20 ಟನ್ ಹಣ್ಣು ತೆಗೆದರೆ ಅಷ್ಟೂ ಹಣ್ಣಿನಲ್ಲಿರುವುದು ಎರಡು ಕೆ.ಜಿ. ಕ್ಯಾಲ್ಸಿಯಂ. ಎರಡು ಕೆ.ಜಿ.ಯ ಅಗತ್ಯಕ್ಕೆ 80 ಕೆ.ಜಿ. ಬಂದು ಬಿದ್ದಿದ್ದರೂ ತುದಿ ಕಪ್ಪಾಗುತ್ತದೆ ಎಂದರೆ, ಇನ್ನೊಂದು ಚೀಲ ಸುಣ್ಣ ಸುರಿಯುವುದರಿಂದ ಏನು ಬದಲಾದೀತು?

ಈ ಲೆಕ್ಕದ ಗಂಟು ಬಿಚ್ಚುವುದು ಗಿಡದ ಒಳಗಿನ ಕೊಳವೆಗಳಲ್ಲಿ. ಬೇರಿನಿಂದ ಮೇಲಕ್ಕೆ ಹೋಗುವ ನೀರಿನ ಕೊಳವೆ ಒಂದು, ಕ್ಸೈಲೆಂ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಹಂಚುವ ಕೊಳವೆ ಇನ್ನೊಂದು, ಫ್ಲೋಯೆಂ. ಪೊಟ್ಯಾಷ್, ಸಾರಜನಕ, ರಂಜಕ ಎರಡರಲ್ಲೂ ಓಡಾಡುತ್ತವೆ. ಹಳೆಯ ಎಲೆಯಿಂದ ಹೊರಬಂದು ಹೊಸ ಕಾಯಿಗೆ ಹೋಗಬಲ್ಲವು. ಕ್ಯಾಲ್ಸಿಯಂಗೆ ಆ ಸೌಕರ್ಯ ಇಲ್ಲ. ಅದು ನೀರಿನ ಕೊಳವೆಯಲ್ಲಿ ಮಾತ್ರ ಚಲಿಸುತ್ತದೆ, ಒಮ್ಮೆ ಎಲೆಗೆ ಸೇರಿತೆಂದರೆ ಅಲ್ಲೇ ಉಳಿಯುತ್ತದೆ. ನೀರು ಹೆಚ್ಚು ಹೋಗುವುದು ಆವಿ ಹೆಚ್ಚು ಬಿಡುವ ಕಡೆಗೆ, ಅಂದರೆ ಎಲೆಗೆ. ಟೊಮೆಟೊ ಕಾಯಿಯ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇಲ್ಲ. ಮೇಣದ ಹೊದಿಕೆಯ ಆ ಸಿಪ್ಪೆಯಿಂದ ನೀರು ಆರುವುದು ಅತ್ಯಲ್ಪ. ಇಂಗ್ಲೆಂಡಿನ ಲಿಟಲ್‌ಹ್ಯಾಂಪ್ಟನ್‌ನಲ್ಲಿದ್ದ ಗಾಜುಮನೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಎಲ್. ಸಿ. ಹೋ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಳೆದು ತೋರಿಸಿದ್ದು ಇದನ್ನೇ: ಕಾಯಿಗೆ ಬರುವ ನೀರಿನ ಬಹುಪಾಲು ಸಕ್ಕರೆಯ ಕೊಳವೆಯಿಂದಲೇ ಬರುತ್ತದೆ, ಮತ್ತು ಆ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ನೀರಿನ ಕೊಳವೆಗಳು ತೊಟ್ಟಿನ ಕಡೆ ದಟ್ಟವಾಗಿದ್ದು ತುದಿಯ ಕಡೆ ವಿರಳವಾಗುತ್ತವೆ. ಬಂದ ಅಷ್ಟಿಷ್ಟನ್ನೂ ದಾರಿಯಲ್ಲಿರುವ ಕೋಶಗಳು ಹಿಡಿದುಕೊಳ್ಳುತ್ತವೆ. ಕಪ್ಪು ಮಚ್ಚೆ ಯಾವಾಗಲೂ ತುದಿಯಲ್ಲೇ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದು. ಉದ್ದನೆಯ ತಳಿಗಳು ದುಂಡನೆಯವಕ್ಕಿಂತ ಬೇಗ ತುತ್ತಾಗುವುದೂ ಇದರಿಂದಲೇ.

ಹಾಗಾದರೆ ಕಾಯಿಗೆ ಕ್ಯಾಲ್ಸಿಯಂ ಬರುವುದು ಯಾವಾಗ? ಬಹುಮಟ್ಟಿಗೆ ರಾತ್ರಿ. ಹಗಲು ಎಲೆಗಳು ನೀರನ್ನೆಲ್ಲ ಸೆಳೆದುಕೊಳ್ಳುತ್ತವೆ. ಇರುಳಾದಂತೆ ರಂಧ್ರಗಳು ಮುಚ್ಚುತ್ತವೆ, ಆದರೆ ಬೇರು ಲವಣಗಳನ್ನು ಒಳಗೆ ಎಳೆದುಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಲವಣದ ಹಿಂದೆ ನೀರು ಬರುತ್ತದೆ, ಕೊಳವೆಯಲ್ಲಿ ಒತ್ತಡ ಏರುತ್ತದೆ, ಆ ಒತ್ತಡ ಎಲೆಗೆ ಸೀಮಿತವಾಗದೆ ಕಾಯಿಯ ಕಡೆಗೂ ರಸವನ್ನು ತಳ್ಳುತ್ತದೆ. ಬೆಳಗಿನ ಜಾವ ಟೊಮೆಟೊ ಎಲೆಯ ಅಂಚಿನಲ್ಲಿ, ನರಗಳು ಕೊನೆಯಾಗುವ ಕಡೆ, ಸಾಲಾಗಿ ಹನಿ ನಿಂತಿರುವುದನ್ನು ನೋಡಬಹುದು. ಮಂಜು ಎಲೆಯ ಮೇಲೆಲ್ಲ ಹರಡಿರುತ್ತದೆ. ಈ ಹನಿಗಳು ಅಂಚಿಗೆ ಮಾತ್ರ ಸೀಮಿತ, ಏಕೆಂದರೆ ಅವು ಗಿಡದ ಒಳಗಿಂದ ಬಂದವು. ಆ ಹನಿ ಕಂಡರೆ ರಾತ್ರಿ ಬೇರಿನ ಒತ್ತಡ ಕೆಲಸ ಮಾಡಿದೆ ಎಂದು ಅರ್ಥ. ಸಂಜೆಗೆ ಮಣ್ಣು ಒಣಗಿದ್ದರೆ, ಇಲ್ಲವೆ ಬೇರಿನ ಸುತ್ತ ಉಪ್ಪು ಹೆಚ್ಚಿದ್ದರೆ, ಆ ಹನಿ ಕಾಣದು. ತೋಟದ ಕ್ಯಾಲ್ಸಿಯಂ ಸ್ಥಿತಿ ತಿಳಿಯಲು ರೈತನ ಕೈಯಲ್ಲಿರುವ ಅತಿ ಅಗ್ಗದ ಸೂಚನೆ ಇದೆಂದು ನನ್ನ ಎಣಿಕೆ.

ಇಲ್ಲಿಂದ ನೋಡಿದರೆ ನಮ್ಮ ತೋಟಗಳಲ್ಲಿ ಕೊಳೆ ತರುವ ಸಂಗತಿಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ. ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ನೀರು. ಬಾರದ ದಿನ ಇಲ್ಲ. ಬೋರು ಬಿಟ್ಟುಬಿಟ್ಟು ಹರಿದರೆ ಎರಡು ದಿನ ಒಣಗಿಸಿ ಮೂರನೆಯ ದಿನ ಕೆಸರಾಗುವಷ್ಟು ಕೊಡುವುದು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆಯಾದ್ದರಿಂದ ಮಾರ್ಚ್ ಏಪ್ರಿಲ್‌ನ ಬಿಸಿಲಿಗೆ ಒಂದೇ ದಿನದಲ್ಲಿ ಬೇರಿನ ಬಳಿ ಬರ. ನಾಟಿಯಾದ ಹೊಸದರಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕಿದ ಗಿಡ ಎಲೆಯೇ ಎಲೆಯಾಗಿ ಬೆಳೆದು ಬಂದ ನೀರನ್ನೆಲ್ಲ ತಾನೇ ಕುಡಿಯುತ್ತದೆ. ಹಣ್ಣಿನ ಬಣ್ಣಕ್ಕೆಂದು ಪೊಟ್ಯಾಷ್ ಮೇಲೆ ಪೊಟ್ಯಾಷ್. ಕೋಳಿಗೊಬ್ಬರದ ವಿಷಯ ವಿಚಿತ್ರ: ಮೊಟ್ಟೆಕೋಳಿಗಳಿಗೆ ಚಿಪ್ಪಿಗಾಗಿ ಸುಣ್ಣಕಲ್ಲು ತಿನ್ನಿಸುವುದರಿಂದ ಅವುಗಳ ಗೊಬ್ಬರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ, ಆದರೂ ಕಳಿಯದ ಕೋಳಿಗೊಬ್ಬರ ಹಾಕಿದ ಸಾಲಿನಲ್ಲಿ ಅಮೋನಿಯಂ, ಉಪ್ಪು ಎರಡೂ ಏರಿ ಬೇರು ಕ್ಯಾಲ್ಸಿಯಂ ಎಳೆಯುವುದೇ ಕಷ್ಟವಾಗುತ್ತದೆ. ಕ್ಯಾಲ್ಸಿಯಂ ಹಾಕಿಯೇ ಕ್ಯಾಲ್ಸಿಯಂ ಕೊರತೆ ತಂದುಕೊಂಡಂತೆ.

ರೈತರು ಇದಕ್ಕೆ ಎತ್ತುವ ಆಕ್ಷೇಪ ಗಟ್ಟಿಯಾದದ್ದು: ಕ್ಯಾಲ್ಸಿಯಂ ನೈಟ್ರೇಟ್ ಹೊಡೆದ ಮೇಲೆ ಬಂದ ಕಾಯಿಗಳು ಸರಿಯಾಗಿದ್ದವಲ್ಲ? ಕಣ್ಣಿಂದ ಕಂಡದ್ದನ್ನು ಪುಸ್ತಕ ಅಲ್ಲಗಳೆಯಬಹುದೇ? ಕಂಡದ್ದು ನಿಜವೇ. ಅದರ ಕಾರಣ ಬೇರೆ ಇರಬಹುದು. ಈ ಕೊಳೆ ಮುಖ್ಯವಾಗಿ ಮೊದಲ ಎರಡು ಮೂರು ಗೊಂಚಲುಗಳಲ್ಲಿ, ಹೂ ಕಟ್ಟಿದ ಎರಡು ವಾರದ ಆಚೀಚೆ, ಕಾಯಿ ಗೋಲಿಯಿಂದ ನಿಂಬೆಯ ಗಾತ್ರಕ್ಕೆ ಬರುವಾಗ ತಾಗುತ್ತದೆ. ಆಮೇಲೆ ಬೇರು ಹರಡಿ, ಕಾಯಿ ಉಬ್ಬುವ ವೇಗ ತಗ್ಗಿ, ಸಿಂಪಡಣೆ ಇಲ್ಲದೆಯೂ ಎಷ್ಟೋ ಕಡೆ ತಾನಾಗಿ ನಿಲ್ಲುತ್ತದೆ. ಹೊಡೆದದ್ದಕ್ಕೆ ನಿಂತಿತೋ, ನಿಲ್ಲುವ ಹೊತ್ತಿಗೆ ಹೊಡೆದೆವೋ ತಿಳಿಯಬೇಕಾದರೆ ಒಂದೆರಡು ಸಾಲು ಹೊಡೆಯದೆ ಬಿಡಬೇಕು. ಹಾಗೆ ಬಿಡದೆ ಬಂದ ಅನುಭವ ಸಾಕ್ಷಿಯಾಗದು. ಲೆಕ್ಕವೂ ಸಿಂಪಡಣೆಯ ಪರವಾಗಿಲ್ಲ. ಲೀಟರಿಗೆ ಐದು ಗ್ರಾಂನಂತೆ ಇನ್ನೂರು ಲೀಟರ್ ಹೊಡೆದರೆ ಒಂದು ಕೆ.ಜಿ. ಕ್ಯಾಲ್ಸಿಯಂ ನೈಟ್ರೇಟ್, ಅದರಲ್ಲಿ ಕ್ಯಾಲ್ಸಿಯಂ 190 ಗ್ರಾಂ ಸಹ ಇಲ್ಲ. ಬಹುಪಾಲು ಎಲೆಯ ಮೇಲೆ ಬೀಳುತ್ತದೆ, ಎಲೆಯಿಂದ ಕಾಯಿಗೆ ಇಳಿಯುವ ದಾರಿಯೇ ಇಲ್ಲವೆಂದು ಆಗಲೇ ನೋಡಿದೆವು. ಎಳೆಯ ಕಾಯಿಯ ಮೈಮೇಲೆ ನೇರವಾಗಿ ಬಿದ್ದ ಹನಿಗೆ ಮಾತ್ರ ಅಲ್ಪಸ್ವಲ್ಪ ಬೆಲೆ ಉಂಟು. ಹೊಡೆಯಲೇಬೇಕು ಎನ್ನುವವರು ಮೊದಲ ಗೊಂಚಲು ಕಟ್ಟಿದ ಕೂಡಲೇ, ಕಾಯಿಗಳನ್ನೇ ಗುರಿಯಿಟ್ಟು ಹೊಡೆಯಲಿ. ಮಚ್ಚೆ ಕಂಡ ಮೇಲೆ ಹೊಡೆದರೆ ಕಪ್ಪಾದದ್ದು ಕೆಂಪಾಗದು. ಅದೇ ಕ್ಯಾಲ್ಸಿಯಂ ನೈಟ್ರೇಟನ್ನು ಡ್ರಿಪ್ಪಿನಲ್ಲಿ ಬಿಟ್ಟರೆ ಉಪಯೋಗ ಹೆಚ್ಚು, ಏಕೆಂದರೆ ಅದರ ಸಾರಜನಕ ಬಹುಪಾಲು ನೈಟ್ರೇಟ್ ರೂಪದಲ್ಲಿದ್ದು ಕ್ಯಾಲ್ಸಿಯಂಗೆ ಪೈಪೋಟಿ ಕೊಡುವುದಿಲ್ಲ. ಆದರೆ ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗೊಬ್ಬರದ ಜತೆ ಒಂದೇ ಟ್ಯಾಂಕಿನಲ್ಲಿ ಕಲಸಿದರೆ ತಳದಲ್ಲಿ ಗಸಿಯಾಗಿ ಕೂತು ಪೈಪು ಕಟ್ಟುತ್ತದೆ.

ವಿಜ್ಞಾನಿಗಳ ಒಳಗಿನಿಂದಲೇ ಬಂದ ಇನ್ನೊಂದು ಆಕ್ಷೇಪ ಇನ್ನೂ ಆಳದ್ದು. ಜರ್ಮನಿಯ ಎಂ. ಸಿ. ಸೌರೆ 2001ರಲ್ಲೂ ಮತ್ತೆ 2014ರಲ್ಲೂ ಬರೆದ ಲೇಖನಗಳಲ್ಲಿ, ಕ್ಯಾಲ್ಸಿಯಂ ಕೊರತೆ ಈ ಕೊಳೆಗೆ ಕಾರಣವೇ ಅಲ್ಲ, ಮೂಲ ಕಾರಣ ಒತ್ತಡ ಎಂದು ವಾದಿಸಿದರು. ಕೊಳೆತ ಕಾಯಿಯಲ್ಲೂ ಆರೋಗ್ಯದ ಕಾಯಿಯಲ್ಲೂ ಕೆಲವು ಸಲ ಕ್ಯಾಲ್ಸಿಯಂ ಒಂದೇ ಮಟ್ಟದಲ್ಲಿರುತ್ತದೆ. ಹಾಗಾಗಿ ಬರ, ಉಪ್ಪು, ಬಿಸಿಲಿನ ಹೊಡೆತಕ್ಕೆ ಪೊರೆಗಳು ಮೊದಲು ಹಾಳಾಗುತ್ತವೆ, ಕ್ಯಾಲ್ಸಿಯಂ ಕಡಿಮೆ ಕಾಣುವುದು ಅದರ ಪರಿಣಾಮ ಎಂಬುದು ಅವರ ನಿಲುವು. ಇದನ್ನು ತಳ್ಳಿಹಾಕುವಂತಿಲ್ಲ. ಒಂದೇ ಮಟ್ಟದ ಕ್ಯಾಲ್ಸಿಯಂ ಒಂದು ಕಾಯಿಗೆ ಸಾಕಾಗಿ ಇನ್ನೊಂದಕ್ಕೆ ಸಾಲದೆ ಹೋಗುವುದು ನಿಜ. ಇಡೀ ಕಾಯಿಯನ್ನು ಅರೆದು ಅಳೆದ ಒಟ್ಟು ಲೆಕ್ಕ, ತುದಿಯ ಕೋಶದ ಗೋಡೆಗೆ ಎಷ್ಟು ಸಿಕ್ಕಿತು, ಪೊರೆಗೆ ಎಷ್ಟು ಎಂಬುದನ್ನು ಹೇಳದು. ಹೋ ಮತ್ತು ವೈಟ್ 2005ರಲ್ಲಿ ಮುಂದಿಟ್ಟ ವಿವರಣೆ ಈ ಜಾಗದಲ್ಲೇ ನಿಲ್ಲುತ್ತದೆ: ರಭಸದಿಂದ ಬೆಳೆಯುವ ಕೋಶದಲ್ಲಿ ಬೇಡಿಕೆ ಮತ್ತು ಪೂರೈಕೆ ಒಂದು ಗಳಿಗೆ ತಾಳೆ ತಪ್ಪಿದರೂ ಸಾಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಎರಡೂ ಪಕ್ಷಗಳನ್ನು ಹತ್ತಿರ ತರುವಂತೆ ಕಾಣುತ್ತದೆ. ಅಲ್ಲಿ ಗಿಡಗಳಿಗೆ ಅಬ್ಸಿಸಿಕ್ ಆಮ್ಲ ಸಿಂಪಡಿಸಿದರು. ಎಲೆಯ ರಂಧ್ರಗಳನ್ನು ಮುಚ್ಚಿಸುವ, ಸಸ್ಯದ್ದೇ ಆದ ಹಾರ್ಮೋನು ಅದು. ಎಲೆಗೆ ಹೋಗುವ ನೀರು ತಗ್ಗಿ ಕಾಯಿಗೆ ಕ್ಯಾಲ್ಸಿಯಂ ಹೆಚ್ಚು ಬಂತು, ಕೊಳೆ ನಿಂತಿತು. ಬುಡಕ್ಕೆ ಕ್ಯಾಲ್ಸಿಯಂ ಹೆಚ್ಚಿಸದೆ, ನೀರಿನ ಹಂಚಿಕೆಯನ್ನು ಬದಲಿಸಿದ್ದರಿಂದಲೇ ಆದ ಫಲ ಇದು. ಸೌರೆಯವರ ವಾದ ಗೆದ್ದರೂ ರೈತ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ: ಬೇರಿನ ಬಳಿ ತೇವ ಏರಿಳಿಯದಂತೆ ನೋಡಿಕೊಳ್ಳಬೇಕು.

ಪಿಎಚ್ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಆ ಒಂದು ಸಂಖ್ಯೆಯನ್ನು ನೋಡಿ ಕ್ಯಾಲ್ಸಿಯಂ ಇದೆ ಇಲ್ಲ ಎಂದು ತೀರ್ಮಾನಿಸುವ ರೂಢಿ ಬೆಳೆದಿದೆ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸನ್ ರೂಪಿಸಿದ ಈ ಅಳತೆ ಹೇಳುವುದು ಹೈಡ್ರೋಜನ್ ಅಯಾನಿನ ಸಾಂದ್ರತೆಯನ್ನು. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಐದೂವರೆಗಿಂತ ಕೆಳಗಿಳಿದ ಕೆಂಪು ಮಣ್ಣಿನಲ್ಲಿ ಕ್ಯಾಲ್ಸಿಯಂ ತೊಳೆದುಹೋಗಿರುತ್ತದೆ, ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಅಲ್ಲಿ ಸುಣ್ಣ ಹಾಕುವುದು ಸರಿಯಾದ ಮದ್ದು. ಎಂಟರ ಬಳಿ ಇರುವ ಬೋರ್‌ವೆಲ್ ತೋಟಕ್ಕೆ ಅದೇ ಸುಣ್ಣ ಹಾಕಿದರೆ ಅದು ಕರಗುವುದೇ ಇಲ್ಲ, ಜತೆಗೆ ಕಬ್ಬಿಣ, ಸತು, ರಂಜಕ ಗಿಡಕ್ಕೆ ಸಿಗದಂತಾಗಿ ಎಳೆಯ ಎಲೆ ಹಳದಿಗೆ ತಿರುಗುತ್ತದೆ. ಅಲ್ಲಿ ಕ್ಯಾಲ್ಸಿಯಂ ಬೇಕೇ ಬೇಕೆಂದು ಪರೀಕ್ಷೆ ಹೇಳಿದರೆ ಜಿಪ್ಸಂ ಇದೆ. ಅದು ಪಿಎಚ್ ಏರಿಸದು, ಲೀಟರಿಗೆ ಎರಡು ಗ್ರಾಂಗೂ ಮೀರಿ ಕರಗುತ್ತದೆ. ಸುಣ್ಣಕಲ್ಲು ಶುದ್ಧ ನೀರಿನಲ್ಲಿ ಅದರ ನೂರರ ಒಂದು ಪಾಲೂ ಕರಗದು. ನಮ್ಮ ಗೊಬ್ಬರದ ಚೀಲ ಬದಲಾದದ್ದೂ ಇಲ್ಲಿ ನೆನಪಿಡಬೇಕಾದ ಸಂಗತಿ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಕ್ಯಾಲ್ಸಿಯಂ ತಾನಾಗಿ ಇರುತ್ತಿತ್ತು. ಡಿಎಪಿ, ಹತ್ತೊಂಬತ್ತು ಆಲ್ (19:19:19) ಗೊಬ್ಬರ ಬಳಕೆಗೆ ಬಂದ ಮೇಲೆ ಆ ಪುಕ್ಕಟೆ ಕ್ಯಾಲ್ಸಿಯಂ ನಿಂತುಹೋಯಿತು.

ಎಲ್ಲ ಬೋರಿನಲ್ಲೂ ಕ್ಯಾಲ್ಸಿಯಂ ಸಮೃದ್ಧ ಎಂದು ತಿಳಿದರೂ ತಪ್ಪಾಗುತ್ತದೆ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರೂ ಬಲ್ಲ ವಿಷಯ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಫ್ಲೋರೈಡಿಗೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ. ಎರಡೂ ಸೇರಿದರೆ ಕರಗದ ಫ್ಲೋರೈಟ್ ಆಗಿ ಕೂರುತ್ತವೆ. ಆದ್ದರಿಂದ ಫ್ಲೋರೈಡ್ ಏರಿರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಇಳಿದಿರುತ್ತದೆ, ಆ ಜಾಗವನ್ನು ಸೋಡಿಯಂ ಹಿಡಿದಿರುತ್ತದೆ. ಮಕ್ಕಳ ಹಲ್ಲು ಕಂದಾಗಿಸುವ ಬೋರಿನ ನೀರು ತೋಟದಲ್ಲೂ ತೊಂದರೆ ಕೊಡುವ ಸಾಧ್ಯತೆ ಹೆಚ್ಚು. ಬೈಕಾರ್ಬನೇಟ್, ಕಾರ್ಬನೇಟ್‌ಗಳ ಮೊತ್ತದಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳ ಮೊತ್ತ ಕಳೆದಾಗ ಉಳಿಯುವ ಶೇಷ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದರೆ ಆ ನೀರು ಬೇಸಾಯಕ್ಕೆ ಯೋಗ್ಯವಲ್ಲವೆಂದು ಲೆಕ್ಕ. ಅಂಥ ತೋಟಕ್ಕೆ ಜಿಪ್ಸಂ ನಿಜವಾಗಿ ಬೇಕು.

ಬಿಸಿಲ ನಾಡಿನ ಟೊಮೆಟೊಗೆ ಹೇಳಿದ್ದು ಮಣ್ಣೊಳಗೆ ಬೆಳೆಯುವ ಗೆಡ್ಡೆಗಳಿಗೂ ಸಲ್ಲುತ್ತದೆ, ಒಂದು ತಿದ್ದುಪಡಿಯೊಂದಿಗೆ. ತಂಪು ದೇಶಗಳ ಕೈತೋಟದಲ್ಲಿ ಐರಿಸ್ ಹೂಗಿಡದ ಗೆಡ್ಡೆ ಮೆತ್ತಗಾಗಿ ನಾರುವುದು ಸಾಮಾನ್ಯ, ಅಲ್ಲಿನವರೂ ಅದಕ್ಕೆ ಸುಣ್ಣ ಉದುರಿಸುತ್ತಾರೆ. ನಮ್ಮ ಕಡೆ ಗುಚ್ಛಕ್ಕೆಂದು ಬೆಳೆಯುವ ಗ್ಲಾಡಿಯೋಲಸ್ ಅದೇ ಕುಟುಂಬದ್ದು. ಐರಿಸ್ ಗೆಡ್ಡೆಯನ್ನು ಕೊಳೆಸುವ ಪೆಕ್ಟೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಚಿಕ್ಕಬಳ್ಳಾಪುರದ ಆಲೂಗಡ್ಡೆಯನ್ನೂ ಕೊಳೆಸುತ್ತದೆ. ಇಲ್ಲಿ ರೋಗಾಣು ನಿಜವಾಗಿಯೂ ಇದೆ. ಅದರ ಆಯುಧ ಪೆಕ್ಟಿನನ್ನು ಕತ್ತರಿಸುವ ಕಿಣ್ವ. ಕ್ಯಾಲ್ಸಿಯಂ ಬಿಗಿದ ಪೆಕ್ಟಿನ್ ಅಷ್ಟು ಸುಲಭವಾಗಿ ಅದಕ್ಕೆ ಬಗ್ಗದು. ಮೆಗ್ವೈರ್ ಮತ್ತು ಕೆಲ್ಮನ್ 1984ರಲ್ಲಿ ಗೆಡ್ಡೆಯ ಕ್ಯಾಲ್ಸಿಯಂ ಹೆಚ್ಚಿದಷ್ಟೂ ಈ ಕೊಳೆಯ ತೀವ್ರತೆ ಇಳಿಯುವುದನ್ನು ತೋರಿಸಿದರು. ವಿಸ್ಕಾನ್‌ಸಿನ್‌ನಲ್ಲಿ ಜೀವನ್ ಪಲ್ಟಾ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡದ ಮುಖ್ಯ ಬೇರು ಹೀರಿದ ಕ್ಯಾಲ್ಸಿಯಂ ಎಲೆಗೇ ಹೋಗುತ್ತದೆ. ಗೆಡ್ಡೆಗೆ ಸಿಗುವುದು ಗೆಡ್ಡೆಯ ಮೈಮೇಲೂ ಅದು ಹುಟ್ಟುವ ಬಳ್ಳಿಯ ಮೇಲೂ ಇರುವ ಸಣ್ಣ ಬೇರುಗಳಿಂದ. ಆದ್ದರಿಂದ ಆಲೂಗಡ್ಡೆಗೆ ಕರಗುವ ಕ್ಯಾಲ್ಸಿಯಂ ಕೊಡಬೇಕಾದದ್ದು ಗೆಡ್ಡೆ ದಪ್ಪವಾಗುವ ದಿನಗಳಲ್ಲಿ, ಗೆಡ್ಡೆಯ ಬಳಿಯಲ್ಲೇ. ಸುಣ್ಣ ಇಲ್ಲೂ ಹುಷಾರು: ಪಿಎಚ್ ಐದೂವರೆ ದಾಟಿದರೆ ಆಲೂ ಮೈಮೇಲೆ ಕಜ್ಜಿ ತರುವ ಸ್ಟ್ರೆಪ್ಟೊಮೈಸಿಸ್ ಚಿಗುರುತ್ತದೆ. ಕೊಳೆ ತಪ್ಪಿಸಲು ಹೋಗಿ ಕಜ್ಜಿ ತರಿಸಿಕೊಳ್ಳದಿರಲು ಜಿಪ್ಸಂ ಮೇಲು. ಆದರೆ ಯಾವ ಕ್ಯಾಲ್ಸಿಯಂ ಆದರೂ ನೀರು ನಿಲ್ಲುವ ಪಾತಿಯಲ್ಲಿ ಗೆಡ್ಡೆಯನ್ನು ಉಳಿಸದು. ಗಾಳಿಯಾಡದ ಕೆಸರು ಆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಐರಿಸ್ ಬೆಳೆಯುವವರು ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುವಂತೆ ಮೇಲೆ ನೆಡುವುದಕ್ಕೂ ನಮ್ಮವರು ಆಲೂಗೆ ದಿಂಡು ಏರಿಸುವುದಕ್ಕೂ ಕಾರಣ ಒಂದೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ನೋವಿನದು. ತೇವ ಒಂದೇ ಸಮ ಇಡಿ ಎನ್ನುವುದು ಸುಲಭ, ಬೋರಿನಲ್ಲಿ ನೀರೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಪೂರ್ತಿ ಉತ್ತರ ತೋಟದೊಳಗೆ ಸಿಗುವುದಿಲ್ಲ. ಆದರೂ ಇರುವ ನೀರನ್ನು ಹೇಗೆ ಹಂಚುತ್ತೇವೆ ಎಂಬುದು ರೈತರ ಕೈಯಲ್ಲಿದೆ. ಮೂರು ದಿನಕ್ಕೊಮ್ಮೆ ಮೂರು ಗಂಟೆ ಬಿಡುವ ಬದಲು ಅಷ್ಟೇ ನೀರನ್ನು ದಿನಕ್ಕೊಂದು ಗಂಟೆಯಂತೆ, ಸಾಧ್ಯವಾದರೆ ಇಳಿಹೊತ್ತಿಗೆ ಬಿಟ್ಟರೆ ರಾತ್ರಿಯ ಬೇರಿನ ಒತ್ತಡಕ್ಕೆ ತೇವ ಸಿಗುತ್ತದೆ. ಇರುಳು ಮಾತ್ರ ಕರೆಂಟು ಬರುವ ಊರಲ್ಲಿ ಅದನ್ನು ಶಾಪವೆಂದೇ ಎಣಿಸುತ್ತಾರೆ, ಹಾವು ಚೇಳಿನ ನಡುವೆ ಹೋಗುವವರ ಕಷ್ಟ ದೊಡ್ಡದೇ. ಟೈಮರ್ ವಾಲ್ವು ಹಾಕಿಸಿಕೊಳ್ಳಬಲ್ಲವರಿಗೆ ಅದೇ ಕರೆಂಟು ಕಾಯಿಗೆ ಅನುಕೂಲ. ಮಣ್ಣಿನ ನೀರು ಹಿಡಿಯುವ ಶಕ್ತಿ ಹೆಚ್ಚಿಸಲು ಹಿರಿಯರ ದಾರಿ ಇಂದಿಗೂ ಸರಿ: ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವುದು. ಗೋಡಿನ ಜೇಡಿ ನೀರನ್ನಷ್ಟೇ ಅಲ್ಲ, ಕ್ಯಾಲ್ಸಿಯಂ ಅಯಾನುಗಳನ್ನೂ ತನ್ನ ಮೈಮೇಲೆ ಹಿಡಿದಿಟ್ಟು ಬೇರಿಗೆ ಕೊಂಚಕೊಂಚವಾಗಿ ಬಿಟ್ಟುಕೊಡುತ್ತದೆ. ಈಗ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಚಿಕ್ಕಬಳ್ಳಾಪುರದ ಕಂದವಾರದಂಥ ಕೆರೆಗಳಿಗೆ ಬರುತ್ತಿದೆ. ಆ ನೀರು ಇಂಗಿ ಬೋರಿನೊಳಗೆ ಸೇರಿದಂತೆ ಅದರ ಉಪ್ಪು, ಸೋಡಿಯಂ, ನೈಟ್ರೇಟ್ ಕೂಡ ಸೇರುತ್ತವೆ. ಹಾಗಾಗಿ ಐದು ವರ್ಷದ ಹಿಂದಿನ ನೀರಿನ ಪರೀಕ್ಷೆಯನ್ನು ಇವತ್ತಿಗೆ ಆಧಾರ ಮಾಡಿಕೊಳ್ಳುವಂತಿಲ್ಲ.

ಪರೀಕ್ಷೆಯಲ್ಲೂ ಒಂದು ಕೊರತೆ ಉಳಿದಿದೆ. 2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಕ್ಯಾಲ್ಸಿಯಂ ಅವುಗಳಲ್ಲಿಲ್ಲ. ಪಿಎಚ್ ನೋಡಿ ಊಹಿಸಿಕೊಳ್ಳಿ ಎಂದು ರೈತರಿಗೆ ಬಿಟ್ಟಂತಾಗಿದೆ, ಆ ಊಹೆ ಎಷ್ಟು ದುರ್ಬಲ ಎಂಬುದನ್ನು ಮೇಲೆ ನೋಡಿದೆವು. ತರಕಾರಿಯನ್ನೇ ನೆಚ್ಚಿಕೊಂಡ ಜಿಲ್ಲೆಗಳಲ್ಲಾದರೂ ಮಣ್ಣಿನ ವಿನಿಮಯಶೀಲ ಕ್ಯಾಲ್ಸಿಯಂ ಆ ಚೀಟಿಗೆ ಸೇರಬೇಕು. ಅಲ್ಲಿಯವರೆಗೆ ಚಿಂತಾಮಣಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಸಲಹೆ ಕೇಳಲು ಹೋಗುವವರು ಮಣ್ಣಿನ ಜತೆ ಒಂದು ಬಾಟಲಿ ಬೋರಿನ ನೀರನ್ನೂ ಒಯ್ಯಬೇಕು. ಪಂಪು ಹತ್ತು ನಿಮಿಷ ಓಡಿದ ಮೇಲೆ ಹಿಡಿದ ನೀರಾಗಿರಲಿ, ಬಾಟಲಿಯಲ್ಲಿ ಗಾಳಿ ಉಳಿಯದಂತೆ ತುಂಬಿರಲಿ. ಪಿಎಚ್, ಲವಣಾಂಶ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ, ಬೈಕಾರ್ಬನೇಟ್ ಈ ಆರನ್ನು ಬಾಯಿಬಿಟ್ಟು ಕೇಳಿ ಬರೆಸಿಕೊಳ್ಳಬೇಕು. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ ಮುಂದಿನ ನಾಟಿಗೆ ಜಿಪ್ಸಂ ಬೇಕೋ, ಸುಣ್ಣ ಬೇಕೋ, ಎರಡೂ ಬೇಡವೋ ಎಂಬುದು ಅಂಗಡಿಗೆ ಹೋಗುವ ಮೊದಲೇ ಗೊತ್ತಾಗುತ್ತದೆ.